ಚಿತ್ರ ಕಾಣಿಸದಿದ್ದರೆ ಓದಿಕೊಳ್ಳಿ

ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೇ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. ಇವತ್ತು ಹೊತ್ತು ಮುಳುಗುವುದರೊಳಗೆ ನನ್ನದೇ ಸ್ವಂತ ವೆಬ್ ಪುಟವೊಂದನ್ನು ಬರೆದು ಲೋಕಾರ್ಪಣೆ ಮಾಡಿಯೇ ತೀರುತ್ತೇನೆ! ಹೆಂಡತಿ ಊರಲ್ಲಿಲ್ಲದಿದ್ದರೂ ಗಂಡಸೊಬ್ಬ ರಾಜನ ಹಾಗೆ ಬದುಕಬಲ್ಲ ಎಂಬುದನ್ನು ನೋಡಿ ಜನ ಮೂಗಿನ ಮೇಲೆ ಬೆರಳಿಡಬೇಕು! ಪ್ರತಿಜ್ಞೆಯ ಭರಕ್ಕೆ ಬಾಯಲ್ಲಿದ್ದ ಪೇಸ್ಟಿನ ನೊರೆ ಕನ್ನಡಿಗೆಲ್ಲ ಸಿಡಿಯಿತು. ಒರೆಸಿ ಎಂದು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಹಾಗೇ ಬಿಟ್ಟೆ.

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಬಂದವರನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಒಂದಾದ ಮೇಲೊಂದು ಗಾಜು ಬದಲಿಸುತ್ತಾ, ಇದರಲ್ಲಿ ಚೆನ್ನಾಗಿ ಕಾಣುತ್ತೋ ಅದರಲ್ಲೋ ಎಂದು ದಿನವಿಡೀ ಕೇಳುವುದು ನನ್ನ ಉದ್ಯೋಗ. ನನ್ನ ಹೆಂಡತಿ ನೀರು ಪರೀಕ್ಷೆ ಮಾಡುವ ಲ್ಯಾಬಿನವಳು. ಕುಡಿಯುವ ನೀರಿನಲ್ಲಿ ಏನೇನು ಬೆರೆತಿದೆ ಎಂದು ಹನಿ ಹಾಕಿ ನೋಡಿ ಹೇಳಿಬಿಡುತ್ತಾಳೆ. ಗಂಡನ ಮಾತಿನಲ್ಲಿ ಏನೇನು ಬೆರೆತಿದೆ ಎಂಬುದಕ್ಕೆ ಅವಳಿಗೆ ಹನಿಯೂ ಬೇಕಾಗುವುದಿಲ್ಲ.

ಆರು ತಿಂಗಳ ಹಿಂದೆ ಅವಳ ಆಫೀಸಿನವರು, ರೈಲಿನಲ್ಲಿ ಒಂದು ರಾತ್ರಿ ಒಂದು ಹಗಲು ಕೂರಬೇಕಾದಷ್ಟು ದೂರದ ಊರಿನಲ್ಲಿ ಹೊಸ ಲ್ಯಾಬು ತೆರೆಯಲು ಅವಳನ್ನು ಕಳಿಸಿದರು. ಲ್ಯಾಬು ತೆರೆದಾಯಿತು. ಈಗ ಸಾಹೇಬರು, ಇನ್ನೊಂದು ವರ್ಷ ಇಲ್ಲೇ ಮುಖ್ಯಸ್ಥೆಯಾಗಿ ಇರುತ್ತೀರಾ ಎಂದು ಕೇಳಿದ್ದರು. ಆ ಕುರ್ಚಿಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಬರುವ ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ನನ್ನ ಪ್ರತಿಜ್ಞೆಯ ಹಿಂದಿನ ದಿನ, ಶನಿವಾರ, ಫೋನಿನಲ್ಲಿ ನನ್ನ ಅಭಿಪ್ರಾಯ ಕೇಳಿದಳು. ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡದೆ, ಧಾರಾಳವಾಗಿ ಒಪ್ಪಿಕೋ, ನಾನಿಲ್ಲಿ ಆರಾಮಾಗಿದ್ದೇನೆ ಎಂದುಬಿಟ್ಟೆ. ನಿಜವಾಗಿಯೂ ಆರಾಮಾಗಿದ್ದೀರಾ ಎಂದಳು. ನಿಜವಾಗಿಯೂ ಎಂದೆ. ಸರಿ, ಇಡುತ್ತೇನೆ ಎಂದಳು.

ಈಗ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಆರಾಮೂ ಇಲ್ಲ, ಅದರ ಅಪ್ಪನೂ ಇಲ್ಲ. ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅವಳಿದ್ದಾಗ ಕಾಲಿಡಲು ಜಾಗವಿಲ್ಲ ಎಂದು ಗೊಣಗುತ್ತಿದ್ದೆ. ಈಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ದಾರಿ ಸವೆಯುವುದೇ ಇಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದವನು, ಅಭ್ಯಾಸಬಲದಿಂದ ‘ಬಂದೆ’ ಎನ್ನುತ್ತೇನೆ. ಆಮೇಲೆ ನನಗೇ ನಾಚಿಕೆಯಾಗಿ ಕೆಮ್ಮಿದ ಹಾಗೆ ಮಾಡುತ್ತೇನೆ. ಬಟ್ಟೆ ಒಗೆಯುವ ಮೆಷಿನ್ನು ಕೆಲಸ ಮುಗಿಸಿ ಪೀಂ ಪೀಂ ಎಂದರೆ, ಇರು ಬಂದೆ ಎಂದು ಓಡುತ್ತೇನೆ. ಆ ಮನೆಯಲ್ಲಿ ನನ್ನನ್ನು ಕರೆಯುವುದು ಅದೊಂದೇ. ಹಾಗಾಗಿ ನನ್ನ ಬಟ್ಟೆಗಳು ಆ ದಿನಗಳಲ್ಲಿ ಒಗೆದೂ ಒಗೆದೂ ತೆಳ್ಳಗಾಗಿದ್ದವು.

ಆದರೆ ನನ್ನ ದೆಸೆಯಿಂದ ಅವಳು ಆ ಕುರ್ಚಿ ಬಿಡುವುದೆಂದರೇನು! ಬಿಟ್ಟು ಬಂದಳು ಎಂದುಕೊಳ್ಳಿ. ಆಮೇಲೆ ಜೀವಮಾನವಿಡೀ ಒಂದು ಮಾತೂ ಅನ್ನುವುದಿಲ್ಲ. ಬೈಯುವ ಹೆಂಡತಿಯನ್ನು ಹೇಗೋ ಸುಧಾರಿಸಬಹುದು. ಏನೂ ಅನ್ನದವಳ ಎದುರು ದಿನಾ ಊಟಕ್ಕೆ ಕೂರುವುದು ಹೇಗೆ? ಬಾಯಿಮಾತನ್ನು ಅವಳು ನಂಬುವವಳಲ್ಲ ಎಂಬುದು ಆ ‘ಸರಿ, ಇಡುತ್ತೇನೆ’ಯಲ್ಲೇ ಗೊತ್ತಾಗಿತ್ತು. ಸಾಕ್ಷ್ಯ ಬೇಕು. ಬರೀ ಫೋಟೋ ಕಳಿಸಿದರೆ, ಒಂದು ಮೂಲೆ ಗುಡಿಸಿ ತೆಗೆದದ್ದು ಎಂದು ಎರಡು ನಿಮಿಷದಲ್ಲಿ ಹಿಡಿದುಬಿಡುತ್ತಾಳೆ. ವೆಬ್ ಪುಟವೆಂದರೆ ಅದರ ತೂಕವೇ ಬೇರೆ! ಕೂತು ವೆಬ್ ಪುಟ ಬರೆಯಲು ಕಲಿಯುವಷ್ಟು ಬಿಡುವಿರುವ ಗಂಡಸಿನ ಮನೆ ಹದ್ದುಬಸ್ತಿನಲ್ಲಿ ಇರಲೇಬೇಕಲ್ಲ? ಹೀಗೆ ಲೆಕ್ಕ ಹಾಕಿ ಕಂಪ್ಯೂಟರಿನ ಮುಂದೆ ಕೂತೆ.

ಕಲಿಸಲು ಒಬ್ಬ ಟೀಚರಮ್ಮ ಸಿಕ್ಕರು. ವಿಡಿಯೋದಲ್ಲಿ, ಅನ್ನಿ. ಚಿಕ್ಕ ಚಿಕ್ಕ ಪಾಠಗಳು, ತಣ್ಣಗಿನ ದನಿ. ಬೇರೆ ಏನೂ ಬೇಡ, ಕಂಪ್ಯೂಟರಿನಲ್ಲಿರುವ ಬರಿಯ ನೋಟ್‌ಪ್ಯಾಡ್ ಸಾಕು ಎಂದರು. ದೊಡ್ಡಕ್ಷರದ ತಲೆಬರಹ ಬೇಕಾದರೆ ಅದರ ಹಿಂದೊಂದು ಮುಂದೊಂದು ಟ್ಯಾಗು ಎಂಬ ಗುರುತು, ಪ್ಯಾರಾಕ್ಕೊಂದು ಟ್ಯಾಗು, ತೆರೆದ ಟ್ಯಾಗನ್ನು ಕೆಲಸವಾದ ಮೇಲೆ ಮರೆಯದೆ ಮುಚ್ಚಬೇಕು. ಆಮೇಲೆ ಫೈಲು ಉಳಿಸಿ, ಅದರ ಮೇಲೆ ಎರಡು ಸಲ ಒತ್ತಿದರೆ ಬ್ರೌಸರಿನಲ್ಲಿ ಪುಟ ತೆರೆದುಕೊಳ್ಳುತ್ತದೆ. ಇಷ್ಟೇ! ನಾನು ತಲೆಬರಹದ ಟ್ಯಾಗನ್ನು ಭರ್ಜರಿಯಾಗಿ ತೆರೆದು, ಮುಚ್ಚುವುದನ್ನು ಮರೆತೆ. ಇಡೀ ಪುಟ ಗೋಡೆಬರಹದ ಗಾತ್ರದಲ್ಲಿ ಕಣ್ಣಿಗೆ ರಾಚಿತು. ತೆರೆದದ್ದನ್ನು ಮುಚ್ಚಿ ಎಂದು ಟೀಚರಮ್ಮ ಮತ್ತೆ ಹೇಳಿದರು. ಬೀರು, ಡಬ್ಬ, ನಲ್ಲಿ, ಪೇಸ್ಟಿನ ಮುಚ್ಚಳ ಇವುಗಳ ವಿಷಯದಲ್ಲಿ ನಾನು ಇದೇ ಉಪದೇಶವನ್ನು ಮದುವೆಯಾದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಆ ಕ್ಷಣ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿತು. ಅದಕ್ಕೇ ಆ ಪಾಠವನ್ನು ಇನ್ನೊಂದು ಸಲ ಹಾಕಿ ಕೇಳಿದೆ.

ಮುಂದಿನದು ಫೋಟೋ ಸಮಾರಂಭ. ಅಡುಗೆಮನೆಯಲ್ಲಿ ಹೊಸ ಬಾಣಲೆ ಫಳಫಳ ಹೊಳೆಯುವಂತೆ ಇಟ್ಟು, ಪಕ್ಕದಲ್ಲಿ ತಟ್ಟೆ ತುಂಬ ಊಟ ಬಡಿಸಿ ಒಂದು ಕ್ಲಿಕ್ಕು. ಮಲಗುವ ಕೋಣೆಯಲ್ಲಿ ಸುಕ್ಕಿಲ್ಲದ ಹಾಸಿಗೆಯದು ಒಂದು. ಬಾಲ್ಕನಿಯಲ್ಲಿ ಹೂ ಬಿಟ್ಟ ಕುಂಡಗಳದು ಒಂದು. ಮೇಜಿನ ಮೇಲೆ ಎದುರುಬದುರು ಎರಡು ಕಾಫಿ ಕಪ್ಪಿಟ್ಟು ಒಂದು. ಕೊನೆಗೆ ಕೈಕಟ್ಟಿಕೊಂಡು ನಗುತ್ತಾ ನಿಂತ ನನ್ನದೇ ಒಂದು. ಒಂದೊಂದರ ಮೇಲೂ ತಲೆಬರಹ: ‘ನನ್ನ ಪಾಕಶಾಲೆ’, ‘ನನ್ನ ಶಿಸ್ತು’, ‘ನನ್ನ ಉದ್ಯಾನ’, ‘ಗೆಳೆಯರ ಒಡನಾಟ’, ‘ಒಂಟಿಯಲ್ಲ, ಸ್ವತಂತ್ರ!’ ಫೋಟೋ ಎಲ್ಲಿದೆ ಎಂದು ಪುಟಕ್ಕೆ ವಿಳಾಸ ಕೊಡಬೇಕು ಎಂದರು ಟೀಚರಮ್ಮ. ಕೊಟ್ಟೆ: ನನ್ನ ಕಂಪ್ಯೂಟರಿನ ಸಿ ಡ್ರೈವ್, ಅದರೊಳಗೆ ‘ಮನೆ’ ಎಂಬ ಫೋಲ್ಡರ್, ಅದರೊಳಗೆ ಇಂಥ ಫೋಟೋ. ತೆರೆದು ನೋಡಿದರೆ ಆಹಾ, ನನ್ನ ಮನೆಗೆ ನಾನೇ ಹೊಟ್ಟೆಕಿಚ್ಚು ಪಡುವಂತೆ ಕಾಣುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮುಂದಿನ ಪಾಠ ‘ಆಲ್ಟ್’ ಎಂಬುದರ ಕುರಿತಾಗಿತ್ತು. ಪ್ರತಿ ಫೋಟೋದ ಟ್ಯಾಗಿನೊಳಗೆ ಆಲ್ಟ್ ಎಂದೊಂದು ಜಾಗವಿರುತ್ತದೆ. ಅಲ್ಲಿ ಬರೆದದ್ದು ಪುಟದ ಮೇಲೆ ಕಾಣುವುದಿಲ್ಲ, ಫೋಟೋದ ಹಿಂದೆ ಅಡಗಿರುತ್ತದೆ. ಕಣ್ಣು ಕಾಣದವರ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಟೀಚರಮ್ಮ ಮೊದಲ ಬಾರಿಗೆ ದನಿ ಸ್ವಲ್ಪ ಬಿಗಿ ಮಾಡಿ, “ಅವರು ನಿಮ್ಮ ಮಾತನ್ನೇ ನಂಬಿ ಕೂತಿರ್ತಾರೆ. ಚಿತ್ರದಲ್ಲಿ ಏನಿದೆಯೋ ಅದನ್ನ ಇದ್ದದ್ದು ಇದ್ದ ಹಾಗೆ ಬರೀರಿ” ಎಂದರು.

ನನಗೆ ಚುರುಕ್ ಎಂದಿತು. ಕಣ್ಣು ಮಂಜಾದವರಿಂದಲೇ ನನ್ನ ಹೊಟ್ಟೆ ತುಂಬುತ್ತಿರುವುದು. ಎಷ್ಟೋ ಜನ ಆ ಎತ್ತರದ ಕುರ್ಚಿಯ ಮೇಲೆ ಕೂತು, ನನಗೇನೂ ಗೊತ್ತಾಗುತ್ತಿಲ್ಲ, ನೀವು ಹೇಳಿದ್ದೇ ಸರಿ ಎಂದು ಕೈ ಚೆಲ್ಲಿದ್ದಾರೆ. ಕಣ್ಣು ನೆಟ್ಟಗಿರುವವರಿಗೆ ಸುಳ್ಳು ತೋರಿಸಬಹುದು. ಬೇಕಾದರೆ ಅವರು ಹಿಡಿಯಲಿ. ಕಾಣದವರ ಕಿವಿಯಲ್ಲಿ ಕೂತು ಸುಳ್ಳು ಹೇಳುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ? ಅಲ್ಲದೆ ನಮ್ಮ ಬಂಧುಬಳಗದಲ್ಲಿ ಕಣ್ಣು ಕಾಣದವರು ಯಾರೂ ಇಲ್ಲ. ಕೇಳಿದರೆ ಎಲ್ಲೋ ದೂರದ, ನನ್ನ ಮುಖವನ್ನೂ ನೋಡದ, ಯಾವುದೋ ಒಂದು ಜೀವ ಕೇಳೀತು. ಸರಿ, ಇದ್ದದ್ದು ಇದ್ದ ಹಾಗೆ ಬರೆಯಲು ಕೂತೆ.

ಪಾಕಶಾಲೆಯ ಹಿಂದೆ ಹೀಗೆ ಬರೆದೆ: ‘ಇದು ಹೊಸ ಬಾಣಲೆ. ಹಳೆಯದು ಸೀದು ಕಸಕ್ಕೆ ಹೋಯಿತು. ತಟ್ಟೆಯಲ್ಲಿರುವ ಊಟ ಹೋಟೆಲಿನದು, ಪೊಟ್ಟಣ ಮೇಜಿನ ಕೆಳಗಿದೆ.’ ಉದ್ಯಾನದ ಹಿಂದೆ: ‘ಈ ಕುಂಡಗಳು ಕೆಳಗಿನ ಮನೆಯ ಟೈಲರದು, ಅವರಿಲ್ಲದಾಗ ಎತ್ತಿಕೊಂಡು ಬಂದು ಫೋಟೋ ತೆಗೆದು ವಾಪಸ್ ಇಟ್ಟೆ. ನಮ್ಮವು ಒಣಗಿಹೋಗಿವೆ. ಅವಳಿಗೆ ಹೇಳಿಲ್ಲ.’ ಬರೆಯುತ್ತಾ ಹೋದಂತೆ ಕೈಗೆ ಲಗಾಮೇ ಇಲ್ಲದಂತಾಯಿತು. ಶಿಸ್ತಿನ ಹಿಂದೆ: ‘ಈ ಹಾಸಿಗೆಯ ಮೇಲೆ ಯಾರೂ ಮಲಗುವುದಿಲ್ಲ, ಅದಕ್ಕೇ ಇಷ್ಟು ನೀಟಾಗಿದೆ. ನಾನು ಹಾಲಿನಲ್ಲಿ ಸೋಫಾ ಮೇಲೆ ಮಲಗುತ್ತೇನೆ. ಟಿ.ವಿ. ಹಾಕಿಟ್ಟರೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ.’ ಗೆಳೆಯರ ಒಡನಾಟದ ಹಿಂದೆ: ‘ಇಲ್ಲಿ ಎರಡು ಕಪ್ಪಿವೆ. ಎರಡರಲ್ಲೂ ಕುಡಿದವನು ನಾನೇ.’

ನನ್ನ ಸ್ವಂತ ಫೋಟೋದ ಹಿಂದಂತೂ ಒಂದು ಪುಟದಷ್ಟು ಬರೆದೆ. ‘ಈತ ನಗುತ್ತಿದ್ದಾನೆ. ಕ್ಯಾಮೆರಾವನ್ನು ಕಿಟಕಿಯಲ್ಲಿಟ್ಟು ತಾನೇ ತೆಗೆದುಕೊಂಡದ್ದು. ನಗು ಸರಿಯಾಗಿ ಬರಲು ಬಹಳ ಸಲ ತೆಗೆಯಬೇಕಾಯಿತು. ನೀವು ಯಾರೋ ಗೊತ್ತಿಲ್ಲ, ಇಷ್ಟು ಹೊತ್ತು ಕೇಳಿದಿರಲ್ಲ, ದೊಡ್ಡ ಮನಸ್ಸು. ಸಂಜೆ ಬಾಗಿಲು ತೆಗೆದಾಗ ಬಂದ್ರಾ ಅನ್ನುವವರಿಲ್ಲ. ಕಷ್ಟ ಅದೊಂದೇ, ಬೇರೇನಿಲ್ಲ. ಅವಳು ಈ ಮನೆಯಲ್ಲಿ ಕೂರುತ್ತಿದ್ದ ಕುರ್ಚಿಯನ್ನು ನಾನು ಸರಿಸಿಲ್ಲ, ಅದಕ್ಕೆ ಸೊಂಟ ತಗುಲಿಸಿಕೊಂಡೇ ಓಡಾಡುತ್ತೇನೆ. ಅವಳಿಗೆ ಅಲ್ಲಿ ದೊಡ್ಡ ಕುರ್ಚಿ ಸಿಕ್ಕಿದೆ, ಸಿಗಬೇಕಾದದ್ದೇ. ನನಗೆ ಅವಳಿಲ್ಲದೆ ಹೊತ್ತು ಹೋಗುತ್ತಿಲ್ಲ. ಇದನ್ನು ಯಾರಿಗೂ ಹೇಳಬೇಡಿ.’ ಬರೆದು ಮುಗಿಸಿದಾಗ ಎದೆ ಎಷ್ಟು ಹಗುರಾಗಿತ್ತೆಂದರೆ, ಎದ್ದುಹೋಗಿ ಕನ್ನಡಿಯನ್ನೂ ಒರೆಸಿದೆ.

ಅಷ್ಟು ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಇನ್ನು ಉಳಿದಿದ್ದ ಪಾಠ ಎರಡು. ಮೊದಲನೆಯದನ್ನು ಹಾರಿಸಿ ನೇರ ಕೊನೆಯ ಪಾಠಕ್ಕೆ ಹೋದೆ. ಪುಟವನ್ನು ಪುಕ್ಕಟೆ ಇಟ್ಟುಕೊಳ್ಳುವ ತಾಣವೊಂದನ್ನು ಅದರಲ್ಲಿ ತೋರಿಸಿದರು. ಬರೆದದ್ದನ್ನು ಅಲ್ಲಿಗೆ ಏರಿಸಿದೆ. ಆ ತಾಣದವರೊಂದು ವಿಳಾಸ ಕೊಟ್ಟರು. ಆ ವಿಳಾಸವನ್ನು ಹೆಂಡತಿಗೆ ಕಳಿಸಿದೆ. ಇಷ್ಟು ಸೊಗಸಾದದ್ದನ್ನು ಅವಳೊಬ್ಬಳೇ ನೋಡಿದರೆ ಸಾಕೇ? ಬಂಧುಗಳ ಗ್ರೂಪಿಗೆ, ನಮ್ಮ ಕಟ್ಟಡದವರ ಗ್ರೂಪಿಗೆ, ಅಂಗಡಿಯವರ ಗ್ರೂಪಿಗೆ ಎಲ್ಲ ಕಳಿಸಿ ಮೀಸೆ ತಿರುವಿದೆ. ನಾನು ಮಾತ್ರ ಆ ವಿಳಾಸದಿಂದ ಒಳಗೆ ಹೋಗಿ ನೋಡಲಿಲ್ಲ. ಪುಟ ನನ್ನ ಕಂಪ್ಯೂಟರಿನಲ್ಲೇ ಇತ್ತಲ್ಲ, ನೋಡಬೇಕೆನ್ನಿಸಿದಾಗೆಲ್ಲ ಅದನ್ನೇ ತೆರೆಯುತ್ತಿದ್ದೆ. ಸ್ವಂತ ಮನೆಗೆ ಯಾರಾದರೂ ಬೆಲ್ ಒತ್ತಿ ಹೋಗುತ್ತಾರೆಯೇ?

ಮಾರನೆಯ ದಿನದಿಂದ ಜನ ವಿಚಿತ್ರವಾಗಿ ಆಡತೊಡಗಿದರು. ಯಾರೂ ಪುಟ ಚೆನ್ನಾಗಿದೆ ಎನ್ನಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಬಳಿ ಕೆಳಗಿನ ಮನೆಯ ಟೈಲರು ತಡೆದು ನಿಲ್ಲಿಸಿ, ಪುಟ್ಟ ಕುಂಡವೊಂದನ್ನು ನನ್ನ ಕೈಯಲ್ಲಿಟ್ಟರು. ಇದಕ್ಕೆ ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು, ಯಾರು ಇಟ್ಟುಕೊಂಡರೂ ಸಾಯುವುದಿಲ್ಲ ಎಂದರು. ಹೂ ಬೇಕೆನ್ನಿಸಿದರೆ ಬೆಲ್ ಒತ್ತಿ ಕೇಳಿ, ನಾನೇನು ಬೇಡ ಅನ್ನುತ್ತೇನೆಯೇ ಎಂದು ಬೇರೆ ಸೇರಿಸಿದರು. ನಾನು ಕುಂಡ ಎತ್ತಿಕೊಂಡು ಹೋದಾಗ ಇವರು ಊರಲ್ಲೇ ಇರಲಿಲ್ಲವಲ್ಲ!

ಸಂಜೆ ಮನೆಗೆ ಬಂದರೆ ನಾದಿನಿ, ಅಂದರೆ ನನ್ನ ಹೆಂಡತಿಯ ತಂಗಿ, ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಊಟದ ಕ್ಯಾರಿಯರು. ಎರಡು ಬಸ್ ಬದಲಿಸಿ ಬಂದಿದ್ದಳು. ನಾನು ಎಷ್ಟೇ ಕರೆದರೂ ಹಬ್ಬಕ್ಕೂ ಬರದವಳು! ಒಳಗೆ ಬಂದವಳೇ ನೇರ ಅಡುಗೆಮನೆಗೆ ಹೋಗಿ, ಬಗ್ಗಿ ಮೇಜಿನ ಕೆಳಗೆ ನೋಡಿ, ಅಲ್ಲಿದ್ದ ಪೊಟ್ಟಣಗಳನ್ನು ಚೀಲಕ್ಕೆ ತುಂಬಿದಳು. ಆಮೇಲೆ ಹಾಲಿಗೆ ಬಂದು ಸೋಫಾದ ಮೇಲಿದ್ದ ನನ್ನ ದಿಂಬನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟಳು. ಹೋಗುವಾಗ, ಭಾವ, ಬೇಜಾರಾದರೆ ಫೋನ್ ಮಾಡಿ ಎಂದು ತಲೆ ಬಗ್ಗಿಸಿಕೊಂಡೇ ಹೇಳಿ ಹೊರಟಳು. ಇವಳಿಗೆ ಯಾರು ಹೇಳಿದರು? ನನಗೆ ತಲೆಬುಡ ತಿಳಿಯಲಿಲ್ಲ.

ಅಂಗಡಿಯಲ್ಲೂ ಅದೇ ಕಥೆ. ಹತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಆರೋಗ್ಯ ವಿಚಾರಿಸದ ಯಜಮಾನರು ಪಕ್ಕಕ್ಕೆ ಕರೆದು, ಸೋಫಾದ ಮೇಲೆ ಮಲಗಿದರೆ ಸೊಂಟ ಹೋಗುತ್ತದೆ, ಜೋಪಾನ ಎಂದರು! ಇದು ಅತಿಯಾಯಿತು. ಕೂತು ಯೋಚಿಸಿದೆ. ಕುಂಡ, ಪೊಟ್ಟಣ, ಸೋಫಾ: ಮೂರನ್ನೂ ಬಲ್ಲವರು ಮನೆಯೊಳಗೆ ಇಣುಕುತ್ತಿರಲೇಬೇಕು. ಯಾರೋ ಕ್ಯಾಮೆರಾ ಇಟ್ಟಿದ್ದಾರೆ! ಅಂದು ಸಂಜೆ ಬಲ್ಬು ಬಿಚ್ಚಿದೆ, ಗಡಿಯಾರ ಬಿಚ್ಚಿದೆ, ಟಿ.ವಿ.ಯ ಹಿಂದೆ ಕೈಹಾಕಿ ಜೇಡನನ್ನು ಹಿಡಿದೆ. ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿಸಿದೆ. ಏನೂ ಸಿಗದಿದ್ದಾಗ, ಕದ್ದು ನೋಡುವವರು ಕೇಳಿಸಿಕೊಳ್ಳಲಿ ಎಂದು ಗೋಡೆಗಳ ಕಡೆಗೆ ತಿರುಗಿ ಗಟ್ಟಿಯಾಗಿ ಮಾತಾಡತೊಡಗಿದೆ. ಆಹಾ, ನಾನು ಮಾಡಿದ ಅಡುಗೆ ಎಷ್ಟು ರುಚಿ! ಈ ಹಾಸಿಗೆ ಎಷ್ಟು ಮೆತ್ತಗೆ! ನಿಜ ಹೇಳಬೇಕೆಂದರೆ ಅದು ಹಿತವಾಗಿಯೇ ಇತ್ತು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಅಷ್ಟು ಮಾತು ಕೇಳಿಸಿತ್ತು.

ಇಷ್ಟೆಲ್ಲದರ ನಡುವೆ ಹೆಂಡತಿಯ ಸುದ್ದಿಯೇ ಇಲ್ಲ. ಭಾನುವಾರವೇ ನೋಡಿದ್ದಾಳೆ ಎಂದು ಫೋನಿನಲ್ಲಿ ನೀಲಿ ಗೆರೆಗಳು ಹೇಳುತ್ತಿದ್ದವು. ಫೋನಿಲ್ಲ, ಮೆಸೇಜಿಲ್ಲ. ನಾನು ಮಾಡಿದರೆ, ಕೆಲಸದಲ್ಲಿದ್ದೇನೆ, ಶುಕ್ರವಾರ ಮಾತಾಡೋಣ ಎಂದು ಎರಡು ಸಾಲು. ಪುಟ ನೋಡಿ ಬೆರಗಾಗಿರಬೇಕು ಎಂದು ಮೊದಲ ದಿನ ಬೀಗಿದೆ. ಎರಡನೇ ದಿನ ಬೀಗುವುದು ಕಷ್ಟವಾಯಿತು. ಆಮೇಲೆ ಊಟ ಸೇರಲಿಲ್ಲ.

ಶುಕ್ರವಾರ ಬಂತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ನಮ್ಮ ಗಲ್ಲಾದಲ್ಲಿ ಕೂರುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಹರಿತವಾದ ನಾಲಿಗೆ, ಯಜಮಾನರೂ ಹೆದರುತ್ತಾರೆ. ಆಕೆ ಎರಡು ಕಪ್ ಕಾಫಿ ಹಿಡಿದು ಬಂದು, ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ತಾವೇ ಹಿಡಿದುಕೊಂಡು ಎದುರಿಗೆ ಕೂತರು.

“ಎರಡನೇ ಕಪ್ ಇವತ್ತು ನಾನು ಕುಡೀತೀನಿ ಕಣಪ್ಪ” ಎಂದರು.

ಕಾಫಿ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, ಎರಡು ಕಪ್ಪಿನ ವಿಷಯ ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಆಕೆ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿ, ನೀನೇ ಹೇಳಿದೆಯಲ್ಲಪ್ಪ ಎಂದು ತಮ್ಮ ಫೋನು ತೆಗೆದು ಹಿಡಿದರು.

ನನ್ನ ಪುಟವೇ! ‘ನನ್ನ ಪಾಕಶಾಲೆ’ ಎಂಬ ತಲೆಬರಹವೇನೋ ಇತ್ತು. ಅದರ ಕೆಳಗೆ ಫಳಫಳ ಹೊಳೆಯುವ ಬಾಣಲೆ ಇರಬೇಕಾದಲ್ಲಿ ಹರಿದ ಕಾಗದದಂಥ ಪುಟ್ಟ ಗುರುತು. ಅದರ ಪಕ್ಕದಲ್ಲಿ ಅಚ್ಚುಕಟ್ಟಾದ ಅಕ್ಷರಗಳಲ್ಲಿ: ಇದು ಹೊಸ ಬಾಣಲೆ, ಹಳೆಯದು ಸೀದು ಕಸಕ್ಕೆ ಹೋಯಿತು. ಬೆರಳಿನಿಂದ ಕೆಳಗೆ ಸರಿಸಿದೆ. ‘ನನ್ನ ಉದ್ಯಾನ’ ಎಂಬುದರ ಕೆಳಗೆ ಕುಂಡ ಕದ್ದ ವೃತ್ತಾಂತ. ಇನ್ನೂ ಕೆಳಗೆ ಹೋದರೆ, ‘ಒಂಟಿಯಲ್ಲ, ಸ್ವತಂತ್ರ!’ ಎಂಬ ಭಾರೀ ಅಕ್ಷರಗಳ ಅಡಿಯಲ್ಲಿ ನನಗೆ ಅವಳಿಲ್ಲದೆ ಹೊತ್ತು ಹೋಗುತ್ತಿಲ್ಲ ಎಂಬ ಮಾತು. ಯಾರಿಗೂ ಹೇಳಬೇಡಿ ಎಂಬ ಕೋರಿಕೆ ಸಹಿತ! ಒಟ್ಟು ಮೂರು ಗ್ರೂಪುಗಳ ಅಷ್ಟೂ ಜನ ಓದಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದು ನೆಲ ನೋಡಿದೆ. ಅದು ಗಟ್ಟಿಯಾಗಿಯೇ ಇತ್ತು.

ಕಣ್ಣು ಪರೀಕ್ಷೆಯ ಕತ್ತಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಭಾನುವಾರ ಹಾರಿಸಿದ್ದ ಆ ಪಾಠವನ್ನು ಹಾಕಿದೆ. ಫೋಟೋಗಳನ್ನೂ ಪುಟದ ಜೊತೆಗೇ ಏರಿಸಬೇಕು ಎಂಬುದೇ ಆ ಪಾಠ. ಇಲ್ಲದಿದ್ದರೆ ಅಕ್ಷರಗಳು ಹೋಗುತ್ತವೆ, ಫೋಟೋಗಳು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ನಿಮಗೆ ಎಲ್ಲವೂ ಕಾಣುತ್ತದೆ. ಬೇರೆಯವರಿಗೆ ಫೋಟೋದ ಜಾಗದಲ್ಲಿ ಆಲ್ಟ್‌ನಲ್ಲಿ ಬರೆದದ್ದಷ್ಟೇ ಕಾಣುತ್ತದೆ. ಟೀಚರಮ್ಮ ಇದನ್ನೆಲ್ಲ ಅದೇ ತಣ್ಣಗಿನ ದನಿಯಲ್ಲಿ ಹೇಳಿದರು. ಪಾಠ ಮೂರು ನಿಮಿಷದ್ದು.

ಯಜಮಾನರನ್ನು ಕೇಳಿ ಮನೆಗೆ ಓಡಿದೆ. ಈ ದಿನ ಸಂಜೆಯೊಳಗೆ ಅವಳು ಉತ್ತರ ಕೊಡಬೇಕು. ನಾನು ಬರೆದದ್ದನ್ನು ಓದಿದ್ದರೆ ಖಂಡಿತ ಬೇಡ ಎಂದುಬಿಡುತ್ತಾಳೆ, ನನ್ನಿಂದಾಗಿ ಅವಳ ಕುರ್ಚಿ ಹೋಯಿತು! ಭಾನುವಾರ ಮೇಲೆ ಮೇಲೆ ನೋಡಿ ಮುಚ್ಚಿಟ್ಟಿರಲಿ, ಓದಿರದಿರಲಿ ಎಂದು ಗೊಣಗುತ್ತಾ ಮೂರು ಮಹಡಿ ಹತ್ತಿದೆ. ಏದುಸಿರು ಬಿಡುತ್ತಾ ಐದೂ ಫೋಟೋ ಏರಿಸಿದೆ. ವಿಳಾಸಗಳನ್ನು ತಿದ್ದಿದೆ. ಈ ಸಲ ಹೊರಗಿನಿಂದಲೇ, ಎಲ್ಲರೂ ಹೋಗುವ ದಾರಿಯಿಂದಲೇ, ಹೋಗಿ ನೋಡಿದೆ. ಬಾಣಲೆ ಹೊಳೆಯುತ್ತಿತ್ತು, ಹೂ ಅರಳಿತ್ತು, ನಾನು ನಗುತ್ತಿದ್ದೆ. ಆಲ್ಟ್‌ನ ಮಾತುಗಳೆಲ್ಲ ಮತ್ತೆ ಫೋಟೋಗಳ ಹಿಂದೆ ಹೋಗಿ ಅಡಗಿದ್ದವು. ತಡಮಾಡದೆ ಅವಳಿಗೆ ಫೋನ್ ಮಾಡಿದೆ. ಈ ಸಲ ಎತ್ತಿದಳು.

“ನಾನು ಕಳಿಸಿದ್ದು ಓದಿದ್ಯಾ?”

“ಭಾನುವಾರವೇ ಓದಿದೆ. ಎಷ್ಟೋ ಸಲ ಓದಿದೆ.”

ಅದರಲ್ಲಿ ತಪ್ಪಾಗಿದೆ, ಕಂಪ್ಯೂಟರಿನ ದೋಷ, ಒಂದಕ್ಷರವನ್ನೂ ನಂಬಬೇಡ, ನಾನು ಆರಾಮಾಗಿದ್ದೇನೆ, ನೀನು ಆ ಕುರ್ಚಿ ಬಿಡಬೇಡ ಎಂದು ಬಡಬಡಿಸಿದೆ. ಅವಳು ನನ್ನ ಬಡಬಡಿಕೆ ಮುಗಿಯುವವರೆಗೂ ಕಾದಳು.

“ಸಹಿ ಹಾಕಿ ಕೊಟ್ಟೆ ರೀ. ಒಂದು ವರ್ಷ ಇರ್ತೀನಿ ಅಂತ. ಈಗ ತಾನೇ.”

ನನಗೆ ಕಕ್ಕಾಬಿಕ್ಕಿಯಾಯಿತು. ಅಷ್ಟೆಲ್ಲ ಓದಿದ ಮೇಲೂ ಇರುತ್ತಾಳಂತೆ! ಸಂತೋಷಪಡಬೇಕೆಂದು ಗೊತ್ತಿತ್ತು, ಪಡಲು ಹೊರಟೆ, ಆಗಲಿಲ್ಲ. ಒಳ್ಳೆಯದಾಯಿತು ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

“ಮೊದಲು ಬೇಡ ಅನ್ನೋಣ ಅಂತಲೇ ಇದ್ದೆ” ಎಂದಳು. “ಫೋನ್ ಮಾಡಿದಾಗೆಲ್ಲ ಆರಾಮಾಗಿದೀನಿ, ಆರಾಮಾಗಿದೀನಿ ಅಂತೀರ. ಆರು ತಿಂಗಳಲ್ಲಿ ಒಂದು ಸಲಾನೂ, ಯಾವಾಗ ಬರ್ತೀಯ ಅಂತ ಕೇಳಲಿಲ್ಲ. ನಾನಿಲ್ದೇನೇ ಇಷ್ಟು ಚೆನ್ನಾಗಿರೋರನ್ನ ಇನ್ನೊಂದು ವರ್ಷ ಬಿಟ್ಟಿದ್ರೆ, ಆಮೇಲೆ ನಾನು ಬಂದು ಏನು ಮಾಡ್ಬೇಕು ಅನ್ನಿಸ್ತು. ಶನಿವಾರ ನಿಮ್ಮ ಮಾತು ಕೇಳಿದ ಮೇಲಂತೂ, ಈ ವಾರವೇ ಗಂಟುಮೂಟೆ ಕಟ್ಟಿ ಬಂದುಬಿಡೋಣ ಅಂತ ತೀರ್ಮಾನ ಮಾಡಿದ್ದೆ.”

“ಆಮೇಲೆ?”

“ಆಮೇಲೆ ನೀವು ಬರೆದದ್ದು ಓದಿದೆ. ಲ್ಯಾಬಿನ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ನನ್ನ ಜಾಗ ಅಲ್ಲೇ ಇದೆಯಲ್ಲ, ಇನ್ನು ಒಂದು ವರ್ಷ ಏನು ಮಹಾ, ಧೈರ್ಯವಾಗಿ ಇರಬಹುದು ಅನ್ನಿಸ್ತು. ನಿಮ್ಮ ದನಿ ಕೇಳಿದ್ರೆ ಮನಸ್ಸು ಬದಲಾಗುತ್ತೆ ಅಂತ ಸಹಿ ಹಾಕೋವರೆಗೂ ಫೋನ್ ಮಾಡಲಿಲ್ಲ.”

ನಾನು ಆ ಸುಕ್ಕಿಲ್ಲದ ಹಾಸಿಗೆಯ ಮೇಲೆ ಕುಸಿದು ಕೂತೆ. ಲೆಕ್ಕ ನಿಮಗೂ ಗೊತ್ತಾಯಿತಲ್ಲ? ಅವಳು ಅಲ್ಲಿ ಇರಲೆಂದು ಸುಳ್ಳು ಫೋಟೋ ತೆಗೆದೆ. ಆ ಫೋಟೋಗಳು ಅವಳಿಗೆ ಕಂಡಿದ್ದರೆ, ಇಷ್ಟು ಹೊತ್ತಿಗೆ ಅವಳು ಬರುವ ರೈಲಿನಲ್ಲಿರುತ್ತಿದ್ದಳು. ಮೂರು ನಿಮಿಷದ ಒಂದು ಪಾಠ ಹಾರಿಸಿದ್ದಕ್ಕೆ ನನಗೆ ಒಂದು ವರ್ಷ!

ಪುಟ ಈಗ ಸರಿಮಾಡಿದ್ದೇನೆ, ಬೇಕಾದರೆ ತೆರೆದು ನೋಡು ಎಂದೆ. ಆ ಕಡೆ ಅವಳು ತೆರೆದು ನೋಡುವುದು ಗೊತ್ತಾಗುತ್ತಿತ್ತು.

“ಇದು ಯಾರ ಮನೆ ರೀ? ನಾನು ಓದಿದ್ದೆಲ್ಲ ಎಲ್ಲಿ ಹೋಯ್ತು?”

“ಹಿಂದೆ ಇದೆ. ಫೋಟೋ ಬಂತಲ್ಲ, ಅದಕ್ಕೆ ಕಾಣಿಸ್ತಿಲ್ಲ.”

“ತೆಗೆದುಹಾಕಿ ಅದನ್ನ” ಎಂದಳು. “ಇನ್ನು ಮೇಲೆ ವಾರಕ್ಕೊಂದು ಪುಟ ಬರೆದು ಕಳಿಸಿ. ಫೋಟೋ ಹಾಕಬೇಡಿ.”